ಬೂದಿನಾಡಿಗಾಗಿ ಕಾದವರು

ನನ್ನ ತಮ್ಮ ಲುದೊಮಿರ್ ಟ್ರಾಮ್ ಡಿಪೋದಲ್ಲಿ ಗಾಲಿ ಕೂರಿಸುವ ಫಿಟ್ಟರ್. ಇಪ್ಪತ್ತೆರಡು ವರ್ಷಗಳಿಂದ ಅದೇ ಕೆಲಸ. ಪೊಜ್ನಾನಿನಲ್ಲಿ ಯಾವುದಾದರೂ ಟ್ರಾಮ್ ತಿರುವಿನಲ್ಲಿ ಕಿರುಚದೆ ಹೋಯಿತೆಂದರೆ ಆ ಗಾಲಿಗೆ ಅವನ ಕೈ ತಾಗಿದೆ ಎಂದೇ ನಾನು ತಿಳಿಯುತ್ತೇನೆ. ಮಾತು ಕಡಿಮೆ. ಬೈಗುಳ ಇನ್ನೂ ಕಡಿಮೆ. ನಾನು ಅವರ ಮನೆಯ ಮೇಲಿನ ಮಹಡಿಯಲ್ಲೇ ಇರುವವಳು, ಬೇಕರಿಯಲ್ಲಿ ದುಡಿಯುವವಳು. ಅವನ ಬದುಕಿನಲ್ಲಿ ನಾನು ಕಾಣದ್ದು ಕಡಿಮೆ. ಆದರೂ ಆ ಹೊಲಸು ನಮ್ಮ ಅಡುಗೆಮನೆಯವರೆಗೆ ಬಂದದ್ದು ನನಗೆ ಕಾಣಲಿಲ್ಲ.

ಹದಿನಾಲ್ಕು ವರ್ಷಗಳ ಹಿಂದೆ ಜೋಡಿಗಾಲಿಯೊಂದು ಉರುಳಿ ಅವನ ಎಡಪಾದದ ಮೇಲೆ ಬಿತ್ತು. ಎಂಟು ತಿಂಗಳು ಮನೆಯಲ್ಲೇ. ಹೆಂಡತಿ ವಿಯೋಲಾ ಕೆಲಸಕ್ಕೆ ಹೋದ ಮೇಲೆ ಇವನು ಗೋಡೆ ನೋಡುತ್ತ ಕೂರುತ್ತಿದ್ದ. ಆಗ ಸೆವೆರಿನ್ ಒಂದು ವಿಡಿಯೋ ಗೇಮ್ ತಂದುಕೊಟ್ಟ. ಸೆವೆರಿನ್ ಅವನ ಶಾಲೆಯ ದಿನಗಳ ಗೆಳೆಯ, ಕಟ್ಟುಹಲ್ಲು ತಯಾರಿಸುವವನು, ಲುದೊಮಿರನ ಮಗಳ ಜ್ಞಾನಸ್ನಾನಕ್ಕೆ ಧರ್ಮಪಿತನಾಗಿ ನಿಂತವನು.

ಗೇಮಿನ ಹೆಸರು 'ಬೂದಿನಾಡು'. ಸತ್ತವರನ್ನು ನದಿ ದಾಟಿಸುವ ಒಬ್ಬ ಅಂಬಿಗನ ಕಥೆ. ಅದರಲ್ಲಿ ಯಾವ ದಿಕ್ಕಿಗೆ ಬೇಕಾದರೂ ನಡೆಯಬಹುದು, ಯಾವ ಹಳ್ಳಿಗೆ ಬೇಕಾದರೂ ಹೋಗಿ ಯಾರ ಕಷ್ಟಕ್ಕಾದರೂ ಕಿವಿಗೊಡಬಹುದು. ಕಾಲಿಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದವನು ಆ ನಾಡಿನಲ್ಲಿ ದಿನವಿಡೀ ನಡೆದ. ನಾನೊಮ್ಮೆ ಸೂಪು ಕೊಡಲು ಹೋದಾಗ ಪರದೆಯ ಮೇಲೆ ಮಂಜು ಕವಿದ ಜೌಗು, ದೋಣಿಯಲ್ಲೊಬ್ಬ ಮುದುಕಿಯ ಹೆಣ. ನನ್ನ ತಮ್ಮನ ಕಣ್ಣಲ್ಲಿ ನೀರು. "ಅಕ್ಕಾ, ಈ ಮುದುಕಿ ಸಾಯೋಕೆ ಮುಂಚೆ ಏನ್ ಹೇಳಿದ್ಲು ಗೊತ್ತಾ?" ಎಂದು ಕೇಳಿದ. ಅವತ್ತಿನಿಂದ ನಾನು ಆ ಗೇಮಿನ ಬಗ್ಗೆ ಹಗುರವಾಗಿ ಮಾತಾಡಲಿಲ್ಲ.

ಕಾಲು ಗುಣವಾದ ಮೇಲೆ ಇಬ್ಬರೂ ಸೇರಿ ಇಂಟರ್ನೆಟ್ಟಿನಲ್ಲಿ ಅಭಿಮಾನಿಗಳಿಗೊಂದು ತಾಣ ತೆರೆದರು. ಹೆಸರು 'ದೋಣಿಕಟ್ಟೆ'. ಆ ನಾಡಿನ ಪ್ರತಿ ಸೊಪ್ಪು, ಪ್ರತಿ ಬಾವಿಯ ನಕ್ಷೆಯನ್ನು ಲುದೊಮಿರ್ ಬರೆದಿಟ್ಟ. ಮೂವತ್ತು ಸಾವಿರ ಜನ ಸೇರಿದರು. ಆಗ ಅವರು ಒಳ್ಳೆಯವರಾಗಿಯೇ ಇದ್ದರು, ಸುಳ್ಳು ಹೇಳಬಾರದು. ಯಾರದೋ ತಾಯಿ ತೀರಿಕೊಂಡರೆ ನೂರಾರು ಜನ ಅಂಬಿಗನ ಮಾತಿನಲ್ಲೇ ಸಮಾಧಾನ ಬರೆಯುತ್ತಿದ್ದರು.

ಮೂರು ವರ್ಷಗಳ ಹಿಂದೆ ಕಂಪನಿ ಎರಡನೇ ಭಾಗ ಬರುತ್ತದೆಂದು ಸಾರಿತು. ಅಲ್ಲಿಂದ ಶುರು.

ಎಲ್ಲರಿಗೂ ಏನೇನು ಬೇಕೆಂದು ಲುದೊಮಿರ್ ಒಂದು ಪಟ್ಟಿ ಮಾಡತೊಡಗಿದ. ಆರುನೂರ ಹನ್ನೊಂದು ಬೇಡಿಕೆ. ಭಾನುವಾರ ನನ್ನ ಅಡುಗೆಮನೆಯಲ್ಲಿ ಕೂತು, ಬೇಯಿಸಿದ ಆಲೂಗಡ್ಡೆಯನ್ನು ಗಟ್ಟಿಮೊಸರಿನ ಜೊತೆ ತಿನ್ನುತ್ತ, ಓದಿ ಹೇಳುತ್ತಿದ್ದ. ನಾಡು ನಾಲ್ಕು ಪಟ್ಟು ದೊಡ್ಡದಿರಬೇಕು. ಪ್ರತಿ ಮನೆಯೊಳಗೂ ಹೋಗಲು ಬರಬೇಕು. ಕುದುರೆ ಈಜಬೇಕು. ಹಿಮದಲ್ಲಿ ನಾಯಿಯ ಹೆಜ್ಜೆ ಮೂರು ದಿನ ಉಳಿಯಬೇಕು. ಅಂಬಿಗನಿಗೆ ವಯಸ್ಸಾಗಬಾರದು. ಹೋಟೆಲಿನ ಹುಡುಗಿಯರು ಹೆಚ್ಚಿರಬೇಕು. ಅವರ ಬಟ್ಟೆಯ ಬಗ್ಗೆಯೇ ಐವತ್ತು ಬೇಡಿಕೆ. ಬರೆದವರು ಹೆಂಡಿರು ಮಕ್ಕಳಿರುವ ಗಂಡಸರು. ಓದುತ್ತ ಅವನೇ ದನಿ ತಗ್ಗಿಸಿದ.

"ಲುದೆಕ್," ಎಂದೆ, "ಇವರೆಲ್ಲ ಗೇಮ್ ಕೇಳ್ತಿದಾರೋ, ತಮ್ಮನ್ನೇ ಹೊಸದಾಗಿ ಹುಟ್ಟಿಸಿ ಅಂತ ಕೇಳ್ತಿದಾರೋ?"

"ಆಸೆ ಅಕ್ಕಾ. ಕಾದಿದಾರಲ್ಲ, ಪಾಪ."

ಎರಡು ವರ್ಷಗಳ ಹಿಂದಿನ ಸೆಪ್ಟೆಂಬರಿನಲ್ಲಿ ಕಂಪನಿ ಅವನನ್ನು ವಾರ್ಸಾಗೆ ಕರೆಸಿಕೊಂಡಿತು. ಗೇಮು ಹೊರಬರುವ ಮುಂಚೆಯೇ ನಾಲ್ಕು ಗಂಟೆ ಆಡಿ ನೋಡುವ ಅವಕಾಶ. ಮದುವೆಯ ಕೋಟು ಹಾಕಿಕೊಂಡು ರೈಲು ಹತ್ತಿದ. ಮರುದಿನ ಬಂದವನ ಮುಖ ಪೂಜೆ ಮುಗಿಸಿ ಚರ್ಚಿನಿಂದ ಬಂದವನ ಹಾಗಿತ್ತು. ಕಥೆ ಹೇಳುವುದಿಲ್ಲವೆಂದು ಸಹಿ ಹಾಕಿ ಬಂದಿದ್ದ, ಹೇಳಲಿಲ್ಲ. ದೋಣಿಕಟ್ಟೆಯಲ್ಲಿ ನಾಲ್ಕು ಸಾಲು ಬರೆದ: ನಾಡು ಚಿಕ್ಕದಾಗಿದೆ. ಕುದುರೆ ಈಜುವುದಿಲ್ಲ. ನಾನು ಎರಡು ಸಲ ಅತ್ತೆ. ಇದನ್ನು ಬರೆದ ಬೋಗ್ನಾ ರಾತಾಯ್ ಅವರಿಗೆ ನನ್ನ ನಮಸ್ಕಾರ.

ಆ ಕೊನೆಯ ಸಾಲು ಬರೆಯಬಾರದಿತ್ತು. ಅದುವರೆಗೆ ಆ ಹೆಸರು ಯಾರಿಗೂ ಗೊತ್ತಿರಲಿಲ್ಲ.

ಮೊದಲ ಎರಡು ವಾಕ್ಯಕ್ಕೇ ಜನ ಸಿಡಿದರು. "ಊಟ ಹಾಕ್ಸಿ ಬಾಯಿ ಮುಚ್ಚಿಸಿದಾರೆ", "ಮುದುಕ ಆದ, ಅಳೋದೊಂದೇ ಬರುತ್ತೆ". ಲುದೊಮಿರ್ ನಕ್ಕುಬಿಟ್ಟ. ಅಕ್ಟೋಬರಿನಲ್ಲಿ ಕಂಪನಿ ಟ್ರೇಲರ್ ಬಿಟ್ಟಿತು. ಅಂಬಿಗ ಸತ್ತಿದ್ದಾನೆ. ಅವನ ಹೆಂಡತಿ, ಐವತ್ತು ದಾಟಿದ, ನರೆಗೂದಲಿನ ಹೆಂಗಸು, ದೋಣಿಯ ಹುಟ್ಟು ಕೈಗೆತ್ತಿಕೊಳ್ಳುತ್ತಾಳೆ. ಅಲ್ಲಿಗೆ ಮೋರಿ ಕಟ್ಟೆಯೊಡೆಯಿತು.

ಕೆಲಸದಿಂದ ಬಂದವನೇ ಲುದೊಮಿರ್ ಕೂತು ಅಳಿಸುತ್ತಿದ್ದ. ಒಂದು ಮಧ್ಯಾಹ್ನ ನಾನು ಬೇಕರಿಯಿಂದ ಬಂದು, ಹಿಟ್ಟು ಮೆತ್ತಿದ ಕೈಯಲ್ಲೇ ಅವನ ಹೆಗಲ ಮೇಲಿಂದ ಬಗ್ಗಿ ಓದಿದೆ. ಕಥೆ ಬರೆದ ಬೋಗ್ನಾಗೆ ಏನು ಮಾಡಬೇಕು, ಎಷ್ಟು ಜನ ಮಾಡಬೇಕು, ಯಾವುದರಿಂದ ಮಾಡಬೇಕು. ಅವಳ ಫೋಟೋಗೆ ಹಂದಿಯ ದೇಹ ಅಂಟಿಸಿದ್ದರು. ಅದಕ್ಕೆ ಎಂಟುನೂರು ಜನ ನಗುವಿನ ಗುರುತು ಹಾಕಿದ್ದರು. ತಾಯಿ ಸತ್ತಾಗ ಸಮಾಧಾನ ಹೇಳಿಸಿಕೊಂಡವನ ಹೆಸರೂ ಅದರಲ್ಲಿತ್ತು. ನಾನು ಹೋಗಿ ಎರಡು ಸಲ ಕೈ ತೊಳೆದೆ.

ಎಲ್ಲ ಸಂತರ ಹಬ್ಬದ ದಿನ, ನಾವು ಅಪ್ಪ ಅಮ್ಮನ ಸಮಾಧಿಗೆ ದೀಪ ಹಚ್ಚಲು ಹೋಗಿದ್ದಾಗ, 'ಕಪ್ಪುಹುಟ್ಟು' ಎಂಬ ಹೆಸರಿನವನೊಬ್ಬ ದೋಣಿಕಟ್ಟೆಯಲ್ಲಿ ಬೋಗ್ನಾಳ ಮನೆಯ ವಿಳಾಸ ಹಾಕಿದ. ನಮ್ಮ ಊರೇ, ನಮ್ಮದೇ ಟ್ರಾಮ್ ದಾರಿ. ಲುದೊಮಿರ್ ಸ್ಮಶಾನದ ಗೇಟಿನಲ್ಲಿ ಫೋನ್ ನೋಡಿದಾಗ ನಲವತ್ತು ನಿಮಿಷ ಕಳೆದಿತ್ತು. ಅಳಿಸಿದ. ಮಾರನೇ ದಿನ ಊರಿನ ಸುದ್ದಿಯಲ್ಲಿ ಅವಳ ಬಾಗಿಲಿನ ಚಿತ್ರ ಬಂತು. ಹೊಸ್ತಿಲ ಮೇಲೆ ಬಕೆಟ್ಟುಗಟ್ಟಲೆ ಬೂದಿ, ಬಾಗಿಲ ತುಂಬ ಡಾಂಬರಿನಂಥ ಬಣ್ಣದಲ್ಲಿ: ಅವನನ್ನು ಬದುಕಿಸು, ಇಲ್ಲವೇ ನೀನು ಸಾಯಿ.

ಸೋಮವಾರ ಅವನು ರಜೆ ಹಾಕಿದ. ಡಿಪೋದಲ್ಲಿ ಗ್ರೀಸು ತೆಗೆಯುವ ದ್ರಾವಣದ ಡಬ್ಬಿ, ಚಿಂದಿಬಟ್ಟೆ ಹಿಡಿದು ನನ್ನ ಬಾಗಿಲಿಗೆ ಬಂದ.

"ನೀನೂ ಬಾ ಅಕ್ಕಾ. ಒಬ್ನೇ ಗಂಡಸು ಬಾಗಿಲ ಮುಂದೆ ನಿಂತ್ರೆ ಹೆದರ್ಕೋತಾರೆ."

ಬೇಕರಿಯಲ್ಲಿ ಸಂತ ಮಾರ್ಟಿನ್ ಹಬ್ಬದ ಗಸಗಸೆ ತಿಂಡಿಗೆ ತಯಾರಿ ಜೋರಾಗಿದ್ದ ವಾರ ಅದು. ಆದರೂ ಹೋದೆ.

ಮೂರನೇ ಮಹಡಿ. ಬೆಲ್ ಒತ್ತಿ ಅವನು ತನ್ನ ಹೆಸರು ಹೇಳಿದ, ದೋಣಿಕಟ್ಟೆಯ ಹೆಸರನ್ನೂ ಹೇಳಿದ. ಮುಚ್ಚಿಡಲಿಲ್ಲ.

"ಬಾಗಿಲು ತೆಗೆಯಲ್ಲ," ಒಳಗಿಂದ ದನಿ ಬಂತು.

"ಬೇಡಮ್ಮ. ತೊಳೆದು ಹೋಗ್ತೀವಿ. ನಮ್ಮಕ್ಕನೂ ಇದಾಳೆ."

ಉಜ್ಜಲು ಶುರುಮಾಡಿದೆವು. ಬೂದಿಯಲ್ಲಿ ಬೆಕ್ಕಿನ ಹೇಲು ಬೆರೆಸಿದ್ದರು. ಅಷ್ಟು ಮುತುವರ್ಜಿಯಿಂದ ಯಾರೋ ಮನೆಯಲ್ಲಿ ಕೂತು ಕಲಸಿರಬೇಕು. ಸ್ವಲ್ಪ ಹೊತ್ತಿನ ಮೇಲೆ ದನಿ ತೀರ ಕೆಳಗಿನಿಂದ ಬಂತು. ಅವಳು ಬಾಗಿಲಿಗೆ ಒರಗಿ ನೆಲದ ಮೇಲೆ ಕೂತಿದ್ದಿರಬೇಕು.

"ಈ ಮನೆಗೆ ಬಂದು ಮೂರೇ ತಿಂಗಳು. ವಿಳಾಸ ಯಾರಿಗೂ ಗೊತ್ತಿಲ್ಲ. ಅಮ್ಮನಿಗೆ, ಆಫೀಸಿಗೆ. ಆಮೇಲೆ ಹಲ್ಲು ಕಟ್ಟಿಸ್ಕೊಂಡ ಕಡೆ ಬರ್ಸಿದ್ದೆ, ಮನೆಗೇ ಕಳಿಸ್ಲಿ ಅಂತ. ಅಷ್ಟೇ."

ಲುದೊಮಿರನ ಕೈ ನಿಂತಿತು. ನನ್ನ ಮುಖ ನೋಡಿದ. ಇಬ್ಬರಿಗೂ ಒಂದೇ ಹೆಸರು ಹೊಳೆದಿತ್ತು.

"ನಿಮ್ಮನ್ನ ನಂಗೆ ಗೊತ್ತು," ಎಂದಳು ಅವಳು. "ಮೊದಲ್ನೇ ಗೇಮಿನ ಕೊನೆ ನಾನೇ ಬರೆದಿದ್ದು. ಇಪ್ಪತ್ತಾರು ವರ್ಷ ನಂಗಾಗ. ಜನ ಏನಂದ್ರು ಅಂತ ನೋಡೋಕೆ ನಿಮ್ಮ ತಾಣಕ್ಕೇ ಬಂದಿದ್ದೆ. 'ಈ ಕೊನೆ ಬರೆದವರ ಬೆರಳು ಟ್ರಾಮ್ ಗಾಲಿ ಕೆಳಗೆ ಇಡ್ಬೇಕು, ನನ್ನ ಕಾಲಿನ ಥರ ಆಗ್ಲಿ' ಅಂತ ಯಾರೋ ಬರೆದಿದ್ರು."

ಅವನು ಚಿಂದಿಬಟ್ಟೆ ಕೆಳಗಿಟ್ಟ.

"ನಾನೇ ಬರೆದಿದ್ದು," ಎಂದ.

"ಗೊತ್ತು. ನಾನೂರು ಜನ ನಕ್ಕಿದ್ರು ಅದಕ್ಕೆ."

"ನೆನಪೇ ಇರ್ಲಿಲ್ಲ ನಂಗೆ. ದೇವರಾಣೆ."

"ಇರಲ್ಲ. ಬರೆದವರಿಗೆ ಇರಲ್ಲ." ಆಮೇಲೆ ಬೇರೆ ದನಿಯಲ್ಲಿ, "ಎಡಗಡೆ ಕೆಳಗೆ ಇನ್ನೂ ಸ್ವಲ್ಪ ಉಳಿದಿರುತ್ತೆ, ನಿನ್ನೆ ಉಜ್ಜಿದೆ, ನಂಗೆ ಬರ್ಲಿಲ್ಲ," ಎಂದಳು.

ಅವನು ಮಂಡಿಯೂರಿ ಅದನ್ನೂ ತೆಗೆದ. ಅವಳು ಥ್ಯಾಂಕ್ಸ್ ಅನ್ನಲಿಲ್ಲ. ಅನ್ನಬೇಕಾಗಿಯೂ ಇರಲಿಲ್ಲ.

ಅಲ್ಲಿಂದ ನೇರ ಸೆವೆರಿನನ ಕೆಲಸದ ಕೋಣೆಗೆ. ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಗಿರಾಕಿಗಳ ದವಡೆಯ ಸುಣ್ಣದ ಅಚ್ಚುಗಳು, ಒಂದೊಂದರ ಕೆಳಗೂ ಹೆಸರಿನ ಚೀಟಿ. ಅವನು ಒಂದು ಹಲ್ಲನ್ನು ಅರದಲ್ಲಿ ತಿಕ್ಕುತ್ತಿದ್ದ. ನಮ್ಮನ್ನು ಕಂಡು ನಕ್ಕ.

"ಏನೋ ಲುದೆಕ್, ಪೇಂಟರ್ ಕೆಲಸಕ್ಕೆ ಸೇರ್ಕೊಂಡ್ಯಾ? ಕೈ ನೋಡು."

"ಕಪ್ಪುಹುಟ್ಟು ನೀನೇನಾ?"

ಸೆವೆರಿನ್ ಅರ ಕೆಳಗಿಟ್ಟ. ಇಲ್ಲ ಎನ್ನುತ್ತಾನೆಂದು ನಾನು ಕಾದೆ. ಒಂದು ಸುಳ್ಳಾದರೂ ಹೇಳಿದ್ದರೆ ಚೆನ್ನಾಗಿತ್ತು.

"ವಿಳಾಸ ಹಾಕ್ದೆ. ಬಣ್ಣ ನಾನು ಬಳಿದ್ನಾ? ಬೂದಿ ನಾನು ಸುರಿದ್ನಾ? ಜನ ಮಾಡಿದ್ದಕ್ಕೆ ನಾನೇನ್ ಮಾಡ್ಲಿ?"

"ಯಾಕೋ?"

"ಯಾಕೆ ಅಂತೀಯಲ್ಲೋ! ಹನ್ನೆರಡು ವರ್ಷ ಕಾದಿದೀನಿ. ಹೆಂಡ್ತಿ ಬಿಟ್ಟು ಹೋದಾಗ ಆ ಅಂಬಿಗ ಇದ್ದ ನಂಜೊತೆ, ಇನ್ಯಾರೂ ಇರ್ಲಿಲ್ಲ. ಇವಳ್ಯಾರು ಅವನನ್ನ ಸಾಯ್ಸೋಕೆ? ಅವನು ನಮ್ಮೋನು. ಅವಳು ಸಂಬಳಕ್ಕೆ ಬರೆಯೋಳು." ಅವನ ತುಟಿಯ ಮೂಲೆಯಲ್ಲಿ ಬಿಳಿ ಪುಡಿ ಮೆತ್ತಿತ್ತು, ಉಗುಳು ಸೇರಿ ಅಂಟಾಗಿತ್ತು. ನನಗೆ ಈಗಲೂ ಅದೇ ಕಣ್ಣಿಗೆ ಕಟ್ಟುತ್ತದೆ. "ನೀನು ಪಟ್ಟಿ ಮಾಡ್ದೆ, ಆರುನೂರು ಬೇಡಿಕೆ. ಒಂದಾದ್ರೂ ಕೇಳಿದ್ಲಾ?"

"ನಾಳೆ ಪೊಲೀಸ್ ಹತ್ರ ಹೋಗ್ತೀನಿ ಸೆವೆರಿನ್. ನೀನೇ ಮೊದ್ಲು ಹೋದ್ರೆ ಒಳ್ಳೇದು."

"ಕಾಲು ಮುರಿದು ಬಿದ್ದಿದ್ದಾಗ ಆ ಗೇಮ್ ತಂದ್ಕೊಟ್ಟೋನು ಯಾರೋ? ನಿನ್ ಮಗಳನ್ನ ಚರ್ಚಲ್ಲಿ ಎತ್ಕೊಂಡು ನಿಂತೋನು ಯಾರೋ?"

ಲುದೊಮಿರ್ ಹೊರಬಂದ. ಟ್ರಾಮ್ ನಿಲ್ದಾಣದಲ್ಲಿ ಕಸದ ಬುಟ್ಟಿ ಹಿಡಿದು ವಾಂತಿ ಮಾಡಿಕೊಂಡ. ದಿನವೂ ಗ್ರೀಸು, ಸತ್ತ ಪಾರಿವಾಳ, ಗಾಲಿಗೆ ಸಿಕ್ಕ ಏನೇನನ್ನೋ ಬರಿಗೈಯಲ್ಲಿ ತೆಗೆಯುವವನು ಅವನು. ಬಾಯಿ ಒರೆಸಿಕೊಂಡು ಅಂದ, "ಅಕ್ಕಾ, ಅವನ ಮೇಲೆ ಅಸಹ್ಯ ಆಯ್ತು ಅಂದ್ಕೋಬೇಡ. ನಾನು ಬರೆದಿದ್ನಲ್ಲ, ಬೆರಳು ಅಂತ. ಅದು ಹೊಟ್ಟೆಯಿಂದ ಹೋಗ್ತಿಲ್ಲ."

ಮಾರನೇ ದಿನ ಸೆವೆರಿನ್ ಹೋಗಲಿಲ್ಲ. ಲುದೊಮಿರ್ ಹೋದ, ಇದ್ದ ದಾಖಲೆಯನ್ನೆಲ್ಲ ಕೊಟ್ಟ. ತನ್ನ ಹಳೆಯ ಬರಹವನ್ನೂ ಅಚ್ಚುಹಾಕಿಸಿ ಮೇಜಿನ ಮೇಲಿಟ್ಟನಂತೆ. ಪೊಲೀಸಿನವನು "ಇದು ಬೇಕಾಗಿಲ್ಲ ರೀ" ಎಂದು ಹಿಂದಕ್ಕೆ ತಳ್ಳಿದನಂತೆ. ಅದೇ ವಾರ ದೋಣಿಕಟ್ಟೆ ಮುಚ್ಚಿದ. ಮೂವತ್ತು ಸಾವಿರ ಜನ ಅವನನ್ನು ದ್ರೋಹಿ ಎಂದರು. ಮೂರೇ ದಿನದಲ್ಲಿ ಯಾರೋ ಅವನ ನಕ್ಷೆಗಳನ್ನೆಲ್ಲ ಎತ್ತಿಕೊಂಡು ಹೊಸ ತಾಣ ತೆರೆದರು.

ಬಣ್ಣ ಬಳಿದವರು ಸಿಕ್ಕಲೇ ಇಲ್ಲ. ಸೆವೆರಿನನಿಗೆ ಕೋರ್ಟು ಆರು ತಿಂಗಳು ಪಾರ್ಕು ಗುಡಿಸುವ ಶಿಕ್ಷೆ ಕೊಟ್ಟಿತು. ಬೋಗ್ನಾ ಕಂಪನಿ ಬಿಟ್ಟಳು, ಊರೂ ಬಿಟ್ಟಳು. ಎಲ್ಲಿದ್ದಾಳೋ ನಮಗೆ ತಿಳಿಯದು, ತಿಳಿಯದೇ ಇರುವುದೇ ಸರಿ.

ಮಾರ್ಚಿನಲ್ಲಿ ಗೇಮು ಬಂತು. ಒಂದು ವಾರದಲ್ಲಿ ಅವೇ ಬಾಯಿಗಳು ಆ ವಿಧವೆಯನ್ನು ತಾಯಿ ಎಂದವು. ಹಂದಿಯ ಚಿತ್ರ ಮಾಡಿದ್ದವನು ಆ ವಿಧವೆಯ ಮುಖವನ್ನು ತೋಳಿಗೆ ಹಚ್ಚೆ ಹಾಕಿಸಿಕೊಂಡ. ವಿಯೋಲಾ ಅದನ್ನು ಫೋನಿನಲ್ಲಿ ತೋರಿಸಿದಾಗ ಲುದೊಮಿರ್ ಕಣ್ಣು ಮುಚ್ಚಿಕೊಂಡ. ಬೈದದ್ದನ್ನಾದರೂ ಸಹಿಸಬಹುದಿತ್ತು. ಈ ಪ್ರೀತಿ ನೋಡಲಾಗುತ್ತಿರಲಿಲ್ಲ.

ಆ ವರ್ಷದ ಕ್ರಿಸ್‌ಮಸ್ ಹಿಂದಿನ ಸಂಜೆ, ಮೊದಲ ನಕ್ಷತ್ರ ಕಂಡು ನಾವು ಊಟಕ್ಕೆ ಕೂತಿದ್ದೆವು. ಬಾಗಿಲು ಬಡಿದ ಸದ್ದಾಯಿತು. ಸೆವೆರಿನ್, ಕೈಯಲ್ಲೊಂದು ಡಬ್ಬಿ ಚಾಕಲೇಟು. ಅವತ್ತು ಬಂದವರನ್ನು ಹೊರಗೆ ನಿಲ್ಲಿಸುವಂತಿಲ್ಲ. ಕರೆಯದೆ ಬರುವವರಿಗೆಂದೇ ಮೇಜಿನ ಮೇಲೆ ಒಂದು ತಟ್ಟೆ ಇಟ್ಟಿರುತ್ತೇವೆ. ವಿಯೋಲಾ ಒಳಗೆ ಕರೆದಳು. ಅವನು ಆ ತಟ್ಟೆಯ ಮುಂದೆ ಕೂತ. ಒಬ್ಬರಿಗೊಬ್ಬರು ಮುರಿದು ಹಂಚಿಕೊಳ್ಳುವ ಹಬ್ಬದ ಬಿಳಿ ಹಪ್ಪಳವನ್ನು ಲುದೊಮಿರನ ಜೊತೆ ಮುರಿದು, "ಆಗಿದ್ದಾಯ್ತು, ಕ್ಷಮಿಸ್ಬಿಡು ಮಾರಾಯ," ಎಂದ. ನನ್ನ ತಮ್ಮ ತಲೆಯಾಡಿಸಿದ. ಅವನ ಕಣ್ಣು ತೇವವಾದದ್ದನ್ನು ನೋಡಿದೆ.

ಬೀಟ್‌ರೂಟ್ ಸೂಪು ಮುಗಿಯಿತು. ಮೀನು ಬಂತು. ಸೆವೆರಿನ್ ಮುಳ್ಳು ಬಿಡಿಸುತ್ತ ಮುಂದಕ್ಕೆ ಬಾಗಿದ.

"ಮೂರನೇ ಭಾಗ ಬರುತ್ತಂತೆ ಕಣೋ. ಹೊಸ ತಾಣದಲ್ಲಿ ಆಗ್ಲೇ ಸಾವಿರ ಬೇಡಿಕೆ. ಈ ಸಲ ನಾವು ಮೊದ್ಲೇ ಬಿಗಿ ಹಿಡೀಬೇಕು, ಆ ವಿಧವೆಗೆ ಏನಾದ್ರೂ ಮಾಡಿದ್ರೋ..."

"ಅವರ ಹತ್ರ ಕ್ಷಮೆ ಕೇಳಿದ್ಯಾ?" ಎಂದ ಲುದೊಮಿರ್.

"ಯಾರ ಹತ್ರ?"

ನಿಜವಾಗಿಯೂ ಅವನಿಗೆ ಬೋಗ್ನಾಳ ಹೆಸರು ಹೊಳೆದಿರಲಿಲ್ಲ. ಬಾಯಲ್ಲಿ ಮೀನಿಟ್ಟುಕೊಂಡು, ಹುಬ್ಬೇರಿಸಿ, ನಮ್ಮೆಲ್ಲರ ಮುಖ ನೋಡಿದ.

ಲುದೊಮಿರ್ ಎದ್ದು ಅವನ ಮುಂದಿನ ತಟ್ಟೆ ಎತ್ತಿಕೊಂಡ. ಅಡುಗೆಮನೆಗೆ ಹೋಗಿ ಅದರಲ್ಲಿದ್ದದ್ದನ್ನೆಲ್ಲ ಕಸದ ಡಬ್ಬಿಗೆ ಕೆರೆದು ಹಾಕಿದ ಸದ್ದು ಕೇಳಿತು. ನಲ್ಲಿ ತಿರುಗಿಸಿದ, ತಟ್ಟೆ ತೊಳೆದ, ಬಹಳ ಹೊತ್ತು ತೊಳೆದ. ಸೆವೆರಿನ್ ಬಾಯಿ ಒರೆಸಿಕೊಂಡು, "ಇವನಿಗೇನೋ ಆಗಿದೆ," ಎಂದು ಗೊಣಗಿ ಕೋಟು ಹುಡುಕಿಕೊಂಡು ಹೊರಟುಹೋದ.

ನಾನು ಕಿಟಕಿ ತೆಗೆದೆ. ವಿಯೋಲಾ ಕಪಾಟಿನಿಂದ ಬೇರೆ ತಟ್ಟೆ ತಂದು ಅದೇ ಜಾಗದಲ್ಲಿಟ್ಟಳು.