ಎತ್ವ ಕೇಳಿಸುವ ಇಯರ್‌ಫೋನ್

ಅವನ ಬಲಗಿವಿಯ ತೂತು ಎಡಗಿವಿಯದಕ್ಕಿಂತ ಚಿಕ್ಕದು. ಹತ್ತೊಂಬತ್ತು ವರ್ಷ ಅವನ ಪಕ್ಕದ ಮೇಜಿನಲ್ಲಿ ಕೂತ ನನಗೆ ಇಂಥವೆಲ್ಲ ಗೊತ್ತಿರುತ್ತವೆ. ಹೊಸ ಇಯರ್‌ಫೋನಿನ ಡಬ್ಬಿ ಒಡೆದ ಕೂಡಲೇ ಅದರಲ್ಲಿದ್ದ ಮೂರು ಅಳತೆಯ ಮೂರು ಜೊತೆ ರಬ್ಬರ್ ಟೋಪಿಗಳನ್ನು ಮೇಜಿನ ಮೇಲೆ ಸಾಲಾಗಿ ಇಡುತ್ತಿದ್ದ. ಎಡಕ್ಕೆ ನಡುವಿನದು, ಬಲಕ್ಕೆ ಸಣ್ಣದು. ಉಳಿದ ನಾಲ್ಕು ಬೆಂಕಿಪೊಟ್ಟಣದೊಳಕ್ಕೆ.

‘ನನ್ನ ತಲೆ ಮಾಡುವಾಗ ದೇವರ ಕೈಯಲ್ಲಿ ಒಂದೇ ಅಳತೆಯ ಎರಡು ಡ್ರಿಲ್ ಇರಲಿಲ್ಲ ಅಂತ ಕಾಣತ್ತೆ’ ಅನ್ನುತ್ತಿದ್ದ.

ನಮ್ಮದು ಮಾತನ್ನು ಅಕ್ಷರ ಮಾಡುವ ಕೆಲಸ. ಬೇರೆ ಬೇರೆ ಕಡೆಯಿಂದ ಧ್ವನಿಮುದ್ರಣಗಳು ಬರುತ್ತವೆ: ವೈದ್ಯರ ಟಿಪ್ಪಣಿ, ಸಭೆಗಳ ಚರ್ಚೆ, ಕಾರ್ಖಾನೆಗಳ ವಿಚಾರಣೆಯ ಹೇಳಿಕೆ. ಕಿವಿಗೆ ಸಿಕ್ಕಿಸಿಕೊಂಡು, ಕಾಲಿನ ಪೆಡಲ್ ಒತ್ತಿದರೆ ಮಾತು ಓಡುತ್ತದೆ, ಕಾಲೆತ್ತಿದರೆ ನಿಲ್ಲುತ್ತದೆ. ಕೇಳಿದ್ದನ್ನು ಕೇಳಿದ ಹಾಗೆ ಟೈಪ್ ಮಾಡಬೇಕು. ದಿನಕ್ಕೆ ಏಳು ಗಂಟೆ. ಉದ್ದನೆಯ ಕೋಣೆ, ಎಂಟು ಮೇಜು, ತಲೆಯ ಮೇಲೆ ಎರಡು ಫ್ಯಾನು, ಅದರಲ್ಲಿ ಒಂದು ಸುತ್ತಿಗೊಂದು ಸಲ ‘ಟಕ್’ ಅನ್ನುತ್ತದೆ. ಅದನ್ನು ರಿಪೇರಿ ಮಾಡಿಸಿ ಎಂದು ನಾವಿಬ್ಬರೂ ಸೇರಿ ಬರೆದ ಅರ್ಜಿಗೆ ಈಗ ಏಳು ವರ್ಷ.

ಕೆಲಸಕ್ಕೆ ಸೇರಿದ ಮೊದಲ ವಾರವೇ ಅವನು ಮೇಜುಗಳ ನಡುವಿನ ತಡಿಕೆಯ ಮೇಲಿಂದ ಕತ್ತು ಚಾಚಿ, ‘ಸಾರ್, ಇದಕ್ಕೆ ಎತ್ವ ಇದೆಯಾ ಇಲ್ವಾ, ಸ್ವಲ್ಪ ಕೇಳಿ ಹೇಳಿ’ ಎಂದು ಎಲ್ಲರನ್ನೂ ಕಾಡುತ್ತಿದ್ದ. ನಮ್ಮ ಭಾಷೆಯಲ್ಲಿ ‘ಹೋದೆ’ ಅಂದರೆ ನಾನು, ‘ಹೋದ’ ಅಂದರೆ ಅವನು. ಎತ್ವ ಅಂದರೆ ಬರವಣಿಗೆಯಲ್ಲಿ ಅಕ್ಷರದ ತಲೆಯ ಮೇಲಿನ ಒಂದು ಸಣ್ಣ ಕೊಕ್ಕೆ, ಮಾತಿನಲ್ಲಿ ಉಸಿರು ಮುಗಿಯುವ ಹೊತ್ತಿಗೆ ಬರುವ ಒಂದು ಸ್ವರ. ಅಳುತ್ತಲೋ ಹೆದರುತ್ತಲೋ ಮಾತಾಡುವವರು ‘ನಾನು’, ‘ಅವನು’ ಎಂದೆಲ್ಲ ಬಿಡಿಸಿ ಹೇಳುವುದಿಲ್ಲ. ಆ ಕೊನೆಯ ಸ್ವರವೇ ಸಾಕ್ಷಿ. ಆದ್ದರಿಂದ ಅವನಿಗೆ ‘ಎತ್ವ’ ಎಂದೇ ಹೆಸರಾಯಿತು. ಕಿರಿಯರಿಗೆ ಎತ್ವಣ್ಣ. ಮನೆಗೆ ಫೋನ್ ಮಾಡಿದರೆ ಅವನ ಹೆಂಡತಿ, ನಮಗೆಲ್ಲ ಅತ್ತಿಗೆ, ಅವರು ಕೂಡ, ‘ನಿಮ್ಮ ಎತ್ವ ಸ್ನಾನಕ್ಕೆ ಹೋಗಿದಾರೆ’ ಅನ್ನುತ್ತಿದ್ದರು.

ಅವನ ಪ್ರಕಾರ ಅಗ್ಗದ ಇಯರ್‌ಫೋನುಗಳಲ್ಲಿ ಎರಡೇ ಜಾತಿ. ರಬ್ಬರ್ ಟೋಪಿಯಿದ್ದು ಕಿವಿಯೊಳಕ್ಕೆ ತುರುಕಿಕೊಳ್ಳುವಂಥದ್ದು ‘ಬಿರಡೆ’. ಟೋಪಿಯಿಲ್ಲದೆ ಕಿವಿಯ ಬಾಯಲ್ಲಿ ಸುಮ್ಮನೆ ಕೂರುವ ಪ್ಲಾಸ್ಟಿಕ್ಕಿನದು ‘ಓಲೆ’. ಎರಡು ಹೊತ್ತಿನ ಊಟದ ಬೆಲೆಗಿಂತ ಹೆಚ್ಚಿನದನ್ನು ಅವನು ಮುಟ್ಟುತ್ತಿರಲಿಲ್ಲ. ದುಬಾರಿಯದು ಚೆನ್ನಾಗಿರುತ್ತದೆ ಅನ್ನುವುದರಲ್ಲಿ ಕಂಡುಹಿಡಿಯೋದೇನಿದೆ ಅನ್ನುತ್ತಿದ್ದ. ಕಚೇರಿಯ ಹಿಂದಿನ ಬೀದಿಯ ಮೊಬೈಲ್ ಅಂಗಡಿಯವನಿಗೆ ಇವನನ್ನು ಕಂಡರೆ ಸುಸ್ತು. ಹಾಡು ಹಾಕಿ ತೋರಿಸಲು ಹೋದರೆ, ‘ಹಾಡು ಬೇಡ, ಯಾರಾದ್ರೂ ಬೈಯೋದು ಇದ್ರೆ ಹಾಕಿ’ ಎಂದು ಕೇಳುವ ಗಿರಾಕಿ ಅವನಿಗೆ ಬೇರೆ ಯಾರೂ ಇರಲಿಲ್ಲ.

ಎರಡು ಜಾತಿಯ ಗುಣದೋಷಗಳನ್ನು ಅವನು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದ. ಅದು ಈಗ ನನ್ನ ಮುಂದಿದೆ. ಬಿರಡೆ ಹಾಕಿಕೊಂಡರೆ ಫ್ಯಾನು ಸಾಯುತ್ತದೆ, ಅದು ಅದರ ಪುಣ್ಯ. ಆದರೆ ತನ್ನ ಎಂಜಲು ನುಂಗುವ ಸದ್ದು ತನಗೇ ಕೇಳುತ್ತದೆ, ವೈರು ಅಂಗಿಗೆ ತಾಗಿದರೆ ಯಾರೋ ಬೆನ್ನ ಹಿಂದೆ ಗೋಣಿ ಎಳೆದ ಹಾಗೆ. ಎರಡು ಗಂಟೆಗೆ ಕಿವಿ ಬೆವರುತ್ತದೆ, ಮೂರಕ್ಕೆ ತುರಿಕೆ. ಓಲೆಯಲ್ಲಿ ಕಿವಿ ಉಸಿರಾಡುತ್ತದೆ, ಬೆವರಿಲ್ಲ, ಆದರೆ ಗಟ್ಟಿ ಪ್ಲಾಸ್ಟಿಕ್ಕಿನ ಅಂಚು ಮೂರನೆಯ ಗಂಟೆಗೆ ಕಿವಿಯ ಮೂಳೆ ನೋಯಿಸುತ್ತದೆ. ಸ್ಪಂಜಿನ ಕವಚ ಹಾಕಿದರೆ ನೋವು ಹೋಗಿ ಸದ್ದು ಮಂಕಾಗುತ್ತದೆ. ಪೆಡಲ್ ನೋಡಲು ಬಗ್ಗಿದರೆ ಉದುರುತ್ತದೆ. ಬಲಗಿವಿಯದಂತೂ ಆಕಳಿಸಿದರೂ ಉದುರುತ್ತದೆ.

ಸದ್ದಿನ ವಿಷಯಕ್ಕೆ ಬಂದರೆ ಅವನ ಸಿಟ್ಟೆಲ್ಲ ಬಿರಡೆಯ ಮೇಲೆ. ಅಗ್ಗದ ಬಿರಡೆಯಲ್ಲಿ ಬಾಸ್, ಅಂದರೆ ದಪ್ಪ ಸದ್ದು, ಜಾಸ್ತಿ. ‘ಗುಂ ಅಂತ ತಲೆಯೊಳಗೆ ಡ್ರಮ್ಮು ಬಾರಿಸ್ತಾರೆ. ಡ್ರಮ್ಮಿಗೆ ಎತ್ವ ಬೇಕಾಗಿಲ್ಲ ನೋಡು, ಅದಕ್ಕೆ ಮಾತಿನ ಬಾಲ ಕತ್ತರಿಸಿ ಕೊಡ್ತಾರೆ.’ ಓಲೆಯಲ್ಲಿ ಬಾಸ್ ಇಲ್ಲ, ಹಾಡು ತಗಡು ಬಡಿದ ಹಾಗಿರುತ್ತದೆ, ಆದರೆ ಮಾತಿನ ಕೊನೆ ಉಳಿಯುತ್ತದೆ. ಫ್ಯಾನಿನ ‘ಟಕ್’ ಮಾತ್ರ ಸರಿಯಾಗಿ ಆ ಕೊನೆಯ ಮೇಲೇ ಬಂದು ಕೂರುತ್ತದೆ. ವೈರಿಲ್ಲದ ಒಂದನ್ನೂ ತಂದಿದ್ದ. ಪೆಡಲ್ ಬಿಟ್ಟು ಮತ್ತೆ ಒತ್ತಿದರೆ ಅದು ಎಚ್ಚರವಾಗುವಷ್ಟರಲ್ಲಿ ಮೊದಲ ಅಕ್ಷರ ಹೋಗಿರುತ್ತಿತ್ತು. ‘ಬಿರಡೆ ಬಾಲ ತಿನ್ನತ್ತೆ, ಇದು ತಲೆ ತಿನ್ನತ್ತೆ’ ಎಂದು ಎರಡೇ ದಿನಕ್ಕೆ ಮಗಳಿಗೆ ಕೊಟ್ಟುಬಿಟ್ಟ.

ಕೊನೆಯ ಎರಡು ವರ್ಷ ಅವನು ಇಯರ್‌ಫೋನ್ ಬದಲಿಸುವುದು ಜಾಸ್ತಿಯಾಯಿತು. ಮೊದಲು ವರ್ಷಕ್ಕೊಂದು, ಆಮೇಲೆ ತಿಂಗಳಿಗೊಂದು. ನೋಟ್‌ಬುಕ್ಕಿನಲ್ಲಿ ಪ್ರತಿಯೊಂದರ ಮುಂದೆಯೂ ಒಂದೇ ಮಾತು: ‘ಆರಾಮ, ಪರವಾಗಿಲ್ಲ. ಸದ್ದು, ಸಾಲದು.’ ತಡಿಕೆಯ ಮೇಲಿಂದ ಕತ್ತೂ ಹೆಚ್ಚು ಸಲ ಏಳತೊಡಗಿತು. ‘ಎತ್ವ ಇದೆಯಾ?’ ನಾನು ಕೇಳಿ ಹೇಳಿಬಿಡುತ್ತಿದ್ದೆ. ಹೇಳಿಬಿಡುವುದು ಸುಲಭ. ಯಾಕೆ ಹೀಗೆ ಎಂದು ಕೇಳುವುದಕ್ಕೆ ಒಂದು ಅರ್ಧ ಗಂಟೆ, ಒಂದು ಲೋಟ ಟೀ ಸಾಕಿತ್ತು. ಕೇಳಲಿಲ್ಲ.

ಒಂದು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಒಬ್ಬ ಮನುಷ್ಯ ಕೌಂಟರಿನ ಹತ್ತಿರ ಬಂದು ನಿಂತ. ನಲವತ್ತು ದಾಟಿದವನು. ಬಲಗೈಗೆ ಕೊಳೆಯಾದ ಬ್ಯಾಂಡೇಜು, ಎಡಗೈಯಲ್ಲಿ ನಾಲ್ಕಾಗಿ ಮಡಿಸಿದ ಕಾಗದ. ತಗಡು ಒತ್ತುವ ಯಂತ್ರದಲ್ಲಿ ಕೆಲಸ ಮಾಡುತ್ತಿದ್ದವನಂತೆ. ಯಂತ್ರಕ್ಕೆ ಕೈ ಸಿಕ್ಕಿ ಎರಡು ಬೆರಳು ಹೋಗಿದ್ದವು. ವಿಚಾರಣೆಯಲ್ಲಿ ಕಾರ್ಖಾನೆಯವರು ಅವನ ಹೇಳಿಕೆಯನ್ನು ಧ್ವನಿಮುದ್ರಿಸಿಕೊಂಡು, ಅದನ್ನು ನಮ್ಮಲ್ಲಿ ಟೈಪ್ ಮಾಡಿಸಿ, ಓದಿ ಹೇಳದೆ ಎಡಗೈಯಲ್ಲಿ ಸಹಿ ಹಾಕಿಸಿಕೊಂಡಿದ್ದರು. ತಪ್ಪು ಇವನದೇ ಎಂದು ಕೆಲಸದಿಂದ ತೆಗೆದಿದ್ದರು.

ಕಾಗದ ಬಿಚ್ಚಿ ಒಂದು ಸಾಲಿನ ಮೇಲೆ ಹೆಬ್ಬೆರಳಿಟ್ಟ. ಯಾರೋ ಅವನಿಗೆ ಅಲ್ಲಿ ಪೆನ್ಸಿಲಿನಿಂದ ಗೆರೆ ಎಳೆದುಕೊಟ್ಟಿದ್ದರು. ‘ಕೈ ಒಳಗಿತ್ತು. ನೋಡಲಿಲ್ಲ. ಗುಂಡಿ ಒತ್ತಿದೆ.’

‘ಸಾರ್, ನಾನು ಒತ್ತಿದೆ ಅನ್ಲಿಲ್ಲ. ಒತ್ತಿದ ಅಂದೆ. ನನ್ನ ಕೈ ಒಳಗಿತ್ತು, ಜೊತೆಯವನು ನೋಡ್ಲಿಲ್ಲ, ಒತ್ತಿದ. ನನ್ನ ಕೈ ಮೇಲೆ ನಾನೇ ಯಾಕೆ ಸಾರ್ ಒತ್ಕೊಳ್ಳಲಿ?’

ಜೊತೆಯವನು ತನಗೇನೂ ನೆನಪಿಲ್ಲ ಎಂದು ಹೇಳಿ ಕೈ ತೊಳೆದುಕೊಂಡಿದ್ದ. ಹಾಗಾಗಿ ಉಳಿದದ್ದು ಈ ಒಂದು ಸಾಲು. ‘ನೋಡಲಿಲ್ಲ’ ಅನ್ನುವುದು ‘ನಾನು’ ಅಂದರೂ ಒಂದೇ ‘ಅವನು’ ಅಂದರೂ ಒಂದೇ. ಎಲ್ಲ ಆ ಒಂದು ಎತ್ವದ ಮೇಲೆ ನಿಂತಿತ್ತು. ಹಾಳೆಯ ಕೆಳಗೆ ಟೈಪ್ ಮಾಡಿದವರ ಮೇಜಿನ ಸಂಖ್ಯೆ: ನಾಲ್ಕು. ನಾಲ್ಕು ಎಂದರೆ ಎತ್ವ.

ನಮ್ಮಲ್ಲಿ ಧ್ವನಿಮುದ್ರಣಗಳನ್ನು ಮೂರು ತಿಂಗಳು ಇಟ್ಟು ಅಳಿಸುತ್ತಾರೆ. ಇದಕ್ಕೆ ಇನ್ನು ಒಂಬತ್ತು ದಿನವಿತ್ತು. ಅಷ್ಟರೊಳಗೆ ತಿದ್ದದಿದ್ದರೆ ಆ ಮನುಷ್ಯನ ಮಾತು ಲೋಕದಲ್ಲೇ ಇರುವುದಿಲ್ಲ.

ಎತ್ವ ಊಟದ ಬಿಡುವಿನಲ್ಲಿ ತನ್ನ ಹತ್ತಿರ ಉಳಿದಿದ್ದ ಹನ್ನೊಂದು ಜೊತೆ ಇಯರ್‌ಫೋನುಗಳನ್ನೂ ಮೇಜಿನ ಮೇಲೆ ಹರಡಿಕೊಂಡ. ಮೊದಲು ಕಚೇರಿಯವರು ಕೊಟ್ಟ ಬಿರಡೆ, ಆಮೇಲೆ ಅವನ ಮೆಚ್ಚಿನ ಬಿಳಿ ಓಲೆ, ಆಮೇಲೆ ಸ್ಪಂಜು ಹಾಕಿದ್ದು, ತೆಗೆದದ್ದು. ಐದು ದಿನ ಇದೇ ಆಯಿತು. ಒಂದರಲ್ಲಿ ಎತ್ವ ಇದೆ ಅನ್ನಿಸಿದರೆ ಇನ್ನೊಂದರಲ್ಲಿ ಇಲ್ಲ ಅನ್ನಿಸುತ್ತಿತ್ತು. ಊಟದ ಡಬ್ಬಿಯನ್ನು ಹಾಗೇ ವಾಪಸ್ ಒಯ್ಯುತ್ತಿದ್ದ.

ಐದನೆಯ ದಿನ, ‘ಹೇಳಿಕೆ ಟೈಪ್ ಮಾಡ್ತಾ ಕೈ ತಾನಾಗೇ ಎತ್ವ ಹಾಕತ್ತೆ ಕಣೋ’ ಅಂದ. ‘ಹೋದೆ, ಬಂದೆ, ಕಂಡೆ. ನೂರಕ್ಕೆ ತೊಂಬತ್ತು ನಾನು ನಾನು ಅಂತಾನೇ ಇರತ್ತೆ. ಕಿವಿ ಕೇಳ್ತೋ ಬೆರಳು ಕೇಳ್ತೋ ಗೊತ್ತಾಗ್ತಿಲ್ಲ. ನೀನೊಂದು ಸಲ ಕೇಳು.’

‘ಯಾವುದರಲ್ಲಿ?’

‘ಎಲ್ಲಕ್ಕಿಂತ ಕೆಟ್ಟದ್ದರಲ್ಲಿ.’

ಕೆಂಪು ವೈರಿನ ಬಿರಡೆಯೊಂದಿತ್ತು. ಅವನ ನೋಟ್‌ಬುಕ್ಕಿನಲ್ಲಿ ಅದರ ಮುಂದೆ ‘ಮದುವೆ ಮನೆಯ ಮೈಕು’ ಎಂದು ಬರೆದಿದೆ. ನನ್ನ ಬಲಗಿವಿಗೆ ಅವನ ಸಣ್ಣ ಟೋಪಿ ಸಡಿಲವಾಗಿತ್ತು, ಬೆರಳಿನಿಂದ ಒತ್ತಿ ಹಿಡಿದುಕೊಂಡೆ. ಅವನು ತನ್ನ ಪೆಡಲನ್ನು ನನ್ನ ಕಾಲಿನ ಕಡೆಗೆ ತಳ್ಳಿದ. ಒಂದೇ ಸಲ ಕೇಳಿದೆ. ಬಾಸ್ ಗುಂ ಅನ್ನುತ್ತಿತ್ತು, ಆದರೂ ಆ ಮನುಷ್ಯ ಬಾಯಿ ತೆರೆದು ‘ಅ’ದಲ್ಲೇ ಮುಗಿಸಿದ್ದ. ಒತ್ತಿದ.

ಸುಳ್ಳು ಹೇಳಬಹುದಿತ್ತು. ಇನ್ನೊಮ್ಮೆ ಕೇಳಬೇಕು ಅನ್ನಬಹುದಿತ್ತು. ಅವನು ನನ್ನ ಮುಖ ನೋಡುತ್ತಿದ್ದ. ನಾನು ಬಾಯಿ ಬಿಡುವ ಮೊದಲೇ ಅವನಿಗೆ ತಿಳಿದಿತ್ತು.

‘ಎತ್ವ ಇಲ್ಲ.’

‘ಸ್ಪಷ್ಟವಾಗಿದೆಯಾ?’

‘ಹ್ಞೂಂ.’

ಅವನು ಕೆಂಪು ವೈರನ್ನು ನಿಧಾನವಾಗಿ ಬೆರಳಿಗೆ ಸುತ್ತಿದ. ‘ಹಾಗಾದ್ರೆ ಇಯರ್‌ಫೋನು ಸರಿಯಾಗೇ ಇದೆ’ ಅಂದ. ಮೇಜಿನ ಮೇಲಿದ್ದವನ್ನೆಲ್ಲ ಡಬ್ಬಿಗೆ ತುಂಬುತ್ತ, ‘ಹನ್ನೊಂದೂ ಸರಿಯಾಗಿದ್ವು ಅಂತ ಕಾಣತ್ತೆ. ಪಾಪ, ಎಷ್ಟು ಬೈದೆ’ ಅಂದ.

ಆ ಮಧ್ಯಾಹ್ನವೇ ಮೇಲ್ವಿಚಾರಕಿಯ ಕೋಣೆಗೆ ಹೋದೆವು. ಆಕೆ ಕೆಟ್ಟವರಲ್ಲ. ಅವನಿಗಾಗಿಯೇ ಒಂದು ದಾರಿ ಹುಡುಕಿದರು. ಕೇಳಿಸದ ಜಾಗದಲ್ಲಿ ಕಂಸದೊಳಗೆ ‘ಅಸ್ಪಷ್ಟ’ ಎಂದು ಹಾಕುವುದು ನಮ್ಮ ಕಸುಬಿನ ಪದ್ಧತಿ.

‘ಅಲ್ಲಿ ಅಸ್ಪಷ್ಟ ಅಂತ ಹಾಕಿ ತಿದ್ದುಪಡಿ ಕಳಿಸೋಣ. ಯಾರ ತಪ್ಪೂ ಆಗಲ್ಲ. ನಿಮ್ಮ ಕಿವಿ ಪರೀಕ್ಷೆ ಅದೂ ಇದೂ ಅಂತ ಯಾರೂ ಕೇಳಲ್ಲ. ನಿಮಗಿನ್ನೂ ಆರು ವರ್ಷ ಸರ್ವೀಸ್ ಇದೆ.’

‘ಮೇಡಂ, ಅಸ್ಪಷ್ಟ ಅಂತ ಹಾಕಿದ್ರೆ ಅವನಿಗೆ ಅರ್ಧ ಕೆಲಸ ಸಿಗತ್ತಾ?’

ಆಕೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

‘ಅದು ಅಸ್ಪಷ್ಟ ಅಲ್ಲ’ ಅಂದ ಅವನು. ‘ಆ ಮನುಷ್ಯ ಸ್ಪಷ್ಟವಾಗೇ ಹೇಳಿದ್ದಾನೆ. ನನಗೆ ಕೇಳಿಸ್ಲಿಲ್ಲ. ಹಾಗೇ ಬರೀತೀನಿ.’

ಹಾಗೇ ಬರೆದ. ಮೂರು ಸಾಲು. ‘ಒತ್ತಿದೆ ಎಂಬುದನ್ನು ಒತ್ತಿದ ಎಂದು ಓದಿಕೊಳ್ಳಬೇಕು. ಧ್ವನಿಮುದ್ರಣ ಸ್ಪಷ್ಟವಾಗಿದೆ. ತಪ್ಪು ನನ್ನ ಕಿವಿಯದು.’ ಜೊತೆಗೆ ಧ್ವನಿಮುದ್ರಣದ ಒಂದು ಪ್ರತಿ. ಕೌಂಟರಿನಲ್ಲಿ ಅದನ್ನು ಆ ಮನುಷ್ಯನ ಎಡಗೈಗೆ ಕೊಟ್ಟಾಗ ಅವನು ಧನ್ಯವಾದ ಹೇಳಲಿಲ್ಲ. ‘ಈಗ ಸರಿ ಬರೆದಿದೆಯಾ, ಓದಿ’ ಅಂದ. ಎತ್ವ ಓದಿ ಹೇಳಿದ. ಎರಡು ಸಲ ಓದಿಸಿಕೊಂಡ.

ಕಿವಿ ಪರೀಕ್ಷೆಯಾಯಿತು. ಬಲಗಿವಿ ಅರ್ಧಕ್ಕಿಂತ ಹೆಚ್ಚು ಹೋಗಿತ್ತು, ಎಡದ್ದು ಅದೇ ದಾರಿ ಹಿಡಿದಿತ್ತು. ಅವನನ್ನು ಕೆಳಗಿನ ದಾಖಲೆ ಕೋಣೆಗೆ ಹಾಕಿದರು. ಅಲ್ಲಿ ಕೇಳುವುದೇನಿಲ್ಲ, ಕಡತಗಳಿಗೆ ದಾರ ಕಟ್ಟಿ ಕಪಾಟಿನಲ್ಲಿಡುವುದು. ಮಧ್ಯಾಹ್ನ ನಾನು ಇಳಿದು ಹೋಗಿ ಟೀ ಕೊಡುತ್ತಿದ್ದೆ. ‘ಇಲ್ಲಿ ಆರಾಮ, ಪರವಾಗಿಲ್ಲ’ ಅನ್ನುತ್ತಿದ್ದ. ‘ಸದ್ದು?’ ಅಂತ ನಾನು ಕೇಳಬೇಕು. ‘ಸಾಲದು.’ ಅದು ನಮ್ಮ ತಮಾಷೆ. ದಿನಾ ಅದೇ ತಮಾಷೆ. ಇಬ್ಬರಿಗೂ ಬೇಸರವಾಗಿದ್ದರೂ ಬಿಡಲಿಲ್ಲ.

ಹೋದ ಚಳಿಗಾಲದಲ್ಲಿ ಎದೆಯಲ್ಲಿ ಕಫ ಕಟ್ಟಿ ಆಸ್ಪತ್ರೆ ಸೇರಿದ. ಒಂಬತ್ತು ದಿನ ಇದ್ದ. ಏಳನೆಯ ದಿನ ನಾನು ಹೋದಾಗ ಹೇಳಲು ಒಂದು ಸುದ್ದಿ ಇತ್ತು. ಆ ಯಂತ್ರದ ಮನುಷ್ಯ ಕಚೇರಿಗೆ ಫೋನ್ ಮಾಡಿದ್ದ. ಅತ್ತಿಗೆ ಜಾಗ ಬಿಟ್ಟುಕೊಟ್ಟು, ‘ಎಡಗಡೆ ಕೂತ್ಕೊಳ್ಳಿ, ಬಾಯಿ ಕಾಣೋ ಹಾಗೆ’ ಅಂದರು.

‘ಅವನನ್ನ ವಾಪಸ್ ತಗೊಂಡ್ರಂತೆ’ ಅಂದೆ.

‘ತಗೊಂಡ್ರಾ, ತಗೊಳ್ತಾರಾ?’

‘ತಗೊಂಡ್ರು. ಗೇಟಿನ ಕೆಲಸ. ಸೇರಿ ಎರಡು ವಾರ ಆಯ್ತಂತೆ.’

ಅವನು ನನ್ನ ತುಟಿಗಳನ್ನೇ ನೋಡುತ್ತಿದ್ದ. ‘ಇನ್ನೊಂದು ಸಲ ಹೇಳು.’

ಹೇಳಿದೆ. ವಾರ್ಡಿನವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ, ಕೊನೆಯ ಸ್ವರ ಎಳೆದು ಹೇಳಿದೆ. ತಗೊಂಡ್ರು. ಅವನು ತಲೆಯಾಡಿಸಿ ಕಣ್ಣು ಮುಚ್ಚಿದ. ಅದು ನಾನು ಅವನಿಗೆ ಕೇಳಿಸಿದ ಕೊನೆಯ ಮಾತು.

ಅವನು ತೀರಿಕೊಂಡು ಹದಿನೈದು ದಿನ ಕಳೆದ ಮೇಲೆ ಅತ್ತಿಗೆ ನೋಟ್‌ಬುಕ್ಕನ್ನೂ ಇಯರ್‌ಫೋನುಗಳ ಡಬ್ಬಿಯನ್ನೂ ಕೊಟ್ಟರು. ‘ಯಾವುದು ಒಳ್ಳೇದು ಅಂತ ನಂಗೆ ಗೊತ್ತಿಲ್ಲ. ನಿಮ್ಮ ಕಿವಿಗೆ ಆಗೋದನ್ನ ಇಟ್ಕೊಳ್ಳಿ.’

ನಾನು ಕೆಂಪು ವೈರಿನದನ್ನು ಹಾಕಿಕೊಂಡು ಕೆಲಸ ಮಾಡುತ್ತಿದ್ದೇನೆ. ಎಲ್ಲಕ್ಕಿಂತ ಕೆಟ್ಟದ್ದು. ಬಾಸ್ ಜಾಸ್ತಿ, ಎರಡು ಗಂಟೆಗೆ ಕಿವಿ ಬೆವರುತ್ತದೆ. ಬಲಗಡೆಯ ಟೋಪಿ ನನಗೆ ಸಣ್ಣದು, ಗಳಿಗೆಗೊಮ್ಮೆ ಜಾರುತ್ತದೆ, ಆಗ ಫ್ಯಾನಿನ ‘ಟಕ್’ ಒಳಗೆ ಬರುತ್ತದೆ. ಬೆಂಕಿಪೊಟ್ಟಣದಲ್ಲಿ ನನ್ನ ಅಳತೆಯದು ಇದೆ. ಬದಲಾಯಿಸಿಲ್ಲ. ಜಾರಿದಾಗಲೆಲ್ಲ ಕಾಲೆತ್ತಿ ಮಾತು ನಿಲ್ಲಿಸುತ್ತೇನೆ, ಟೋಪಿಯನ್ನು ಬೆರಳಿನಿಂದ ಒತ್ತಿ ಹಿಡಿಯುತ್ತೇನೆ, ಆ ಸಾಲಿನ ಕೊನೆಯನ್ನು ಇನ್ನೊಮ್ಮೆ ಕೇಳುತ್ತೇನೆ.