ಇಪ್ಪತ್ತೆರಡು ಹೆಜ್ಜೆಯ ಮುರಿಗೆವ್ವ

ಬೆಳಗಿನ ಆರು ಗಂಟೆ. ಹುಬ್ಬಳ್ಳಿಯ ದೇಶಪಾಂಡೆ ನಗರದ ಶಾಲೆಯೊಂದರ ಜಗಲಿಯಲ್ಲಿ ಆಯಾ ಮುರಿಗೆವ್ವ ಹನ್ನೊಂದು ಜೊತೆ ಕಬ್ಬಿಣದ ಕಾಲಾಸರೆ ಹರಡಿಕೊಂಡು ಕೂತಿದ್ದಾಳೆ. ಎಲ್ಲ ಪೋಲಿಯೋ ಬಡಿದ ಮಕ್ಕಳವು. ಚರ್ಮದ ಪಟ್ಟಿಗಳಿಗೆ ಎಣ್ಣೆ ತಿಕ್ಕುತ್ತ, “ಪಟ್ಟಿ ಬಿರುಸಾದ್ರ ಕೂಸಿನ ತೊಡಿ ಕೆತ್ತತೈತ್ರಿ,” ಎನ್ನುತ್ತಾಳೆ, ತಲೆ ಎತ್ತದೆ.

ಉಪ್ಪಿನಬೆಟಗೇರಿಯ ಈ ಹೆಣ್ಣುಮಗಳು ಗಂಡ ತೀರಿಕೊಂಡ ವರ್ಷ, 1957ರಲ್ಲಿ, ಇಲ್ಲಿ ಸೇರಿದಳು. ಈಗ ಆರು ವರ್ಷ. ವ್ಯಾಯಾಮದ ಕೋಣೆಯಿಂದ ತರಗತಿಗೆ, ತರಗತಿಯಿಂದ ಕೋಣೆಗೆ ಮಕ್ಕಳನ್ನು ಹೊರುವುದು ದಿನಕ್ಕೆ ನಲವತ್ತು ಸಲವಾದರೂ ಇದೆ. ಸೊಂಟ ಯಾವತ್ತೋ ಹಿಡಿದುಕೊಂಡಿದೆ.

ಹೋದ ತಿಂಗಳು ಇಲ್ಲಿ ನಡೆದದ್ದನ್ನು ಕೇಳಿದರೆ ಯಾರಾದರೂ ದಂಗಾಗಬೇಕು. ಮುಗದ ಊರಿನ ಎಂಟು ವರ್ಷದ ಸಾವಕ್ಕ ಬೇಸಿಗೆ ರಜೆ ಬರುವುದರೊಳಗೆ ತಾನಾಗಿ ನಿಲ್ಲದಿದ್ದರೆ ಶಾಲೆ ಬಿಡಿಸುತ್ತೇನೆಂದು ಅವಳ ತಂದೆ ಗಂಗಪ್ಪ ಹೇಳಿ ಹೋಗಿದ್ದಾನೆ. ವ್ಯಾಯಾಮ ಮಾಡಿಸುವ ಗೌರಕ್ಕ ಅವಳನ್ನು ನಿಲ್ಲಿಸಲು ನಾಲ್ಕು ತಿಂಗಳಿಂದ ಹಟ ಹಿಡಿದು ದುಡಿಯುತ್ತಿದ್ದರು. ಅವರು ಅಂದು ತರಗತಿಗೆ ಕಾಲಿಟ್ಟೊಡನೆ ಮಕ್ಕಳೆಲ್ಲ ನಮಸ್ಕಾರವೆನ್ನುತ್ತ ಎದ್ದರು. ಸಾವಕ್ಕ ಮಾತ್ರ ಏಳಲಿಲ್ಲ.

“ಮಾಸ್ತರು ಏಳಬ್ಯಾಡ ಅಂದಾರ್ರಿ. ಕಾಲು ನೋಯ್ತಾವಂತ.”

ಗೌರಕ್ಕ ಹೌಹಾರಿ, ಪಾಠ ಹೇಳುತ್ತಿದ್ದ ಗುರುಸಿದ್ದಯ್ಯ ಮಾಸ್ತರರತ್ತ ತಿರುಗಿದರು. “ನಾ ನಿಂದ್ರಸಾಕತ್ತೇನಿ, ನೀವು ಕುಂಡ್ರಸಾಕತ್ತೀರಿ!”

“ನೀವು ದಿನಾ ಲೆಕ್ಕದ ತಾಸಿನ್ಯಾಗ ಕರಕೊಂಡು ಹೋಗ್ತೀರಲ್ಲ? ಹುಡುಗಿಗೆ ಕೂಡಿಸಾಕ ಸೈತ ಬರಂಗಿಲ್ಲ!” ಎಂದು ಮಾಸ್ತರು ತಿರುಗಿ ಕೇಳಿದರು. ಇಬ್ಬರೂ ಈ ನಾಲ್ಕು ತಿಂಗಳು ಒಬ್ಬರನ್ನೊಬ್ಬರು ಕೇಳಿಯೇ ಇರಲಿಲ್ಲ. ಎಂಥ ಅನ್ಯಾಯ ನೋಡಿ!

ಬಾಗಿಲಲ್ಲಿದ್ದ ಮುರಿಗೆವ್ವ ಒಳಗೆ ಬಂದಳು. “ತಪ್ಪು ನಂದೂ ಐತ್ರಿ,” ಎಂದು ಅವಳು ಅತ್ತೇಬಿಟ್ಟಳು. “ಆ ಕೋಣಿಯಿಂದ ಇಲ್ಲಿಗೆ ಇಪ್ಪತ್ತೆರಡ ಹೆಜ್ಜಿ. ಲಗೂ ಆಗ್ಲಿ ಅಂತ ದಿನಾ ನಾನ ಹೊತ್ತು ತಂದೆ. ಮೂರೂ ಮಂದಿ ಮಾಯಾ ಮಮತಿ ಮಾಡಿ ಕೂಸಿನ ಕಾಲು ಕಟ್ಟಿಹಾಕೇವ್ರಿ.”

ಅವಳು ಕಣ್ಣೊರೆಸಿಕೊಂಡಳು. ಆಮೇಲೆ ಅವಳೇ ದಾರಿ ಹೇಳಿದಳು: ವ್ಯಾಯಾಮ ಶಾಲೆಯ ಗಂಟೆ ಹೊಡೆಯುವ ಮೊದಲೇ ಆಗಲಿ, ಮಾಸ್ತರು ಬಂದಾಗಲೆಲ್ಲ ಸಾವಕ್ಕ ಏಳಲಿ. ಈಗ ಗೌರಕ್ಕ ಕಾಲು ಎತ್ತಿಸುತ್ತ ಮಗ್ಗಿ ಹೇಳಿಸುತ್ತಾರೆ. ಮಾಸ್ತರು ನೆಪ ಹುಡುಕಿ ದಿನಕ್ಕೆ ಹತ್ತು ಸಲ ಹೊರಗೆ ಹೋಗಿ ಒಳಗೆ ಬರುತ್ತಾರೆ. ಮುರಿಗೆವ್ವ ಬರಿಗೈಯಲ್ಲಿ ಸಾವಕ್ಕನ ಹಿಂದೆ ನಡೆಯುತ್ತಾಳೆ.

ನಿನ್ನೆ ಅವಳು ನೀರಿನ ಕೊಡ ಹೊತ್ತು ತರಗತಿಗೆ ಹೋದಳು. ಆಯಾ ಬಂದರೆ ಮಕ್ಕಳು ಏಳುವ ಪದ್ಧತಿಯಿಲ್ಲ. ಯಾರೂ ಏಳಲಿಲ್ಲ. ಹಿಂದಿನ ಸಾಲಿನಲ್ಲಿ ಮಾತ್ರ ಕಬ್ಬಿಣ ಕಿರುಗುಟ್ಟಿತು.

“ಕೊಡಾ ಕೈಯಾಗಿಂದ ಜಾರೂದೊಂದು ಉಳಿದಿತ್ರಿ,” ಎನ್ನುತ್ತ ಮುರಿಗೆವ್ವ ಮತ್ತೊಂದು ಪಟ್ಟಿಗೆ ಕೈ ಹಾಕುತ್ತಾಳೆ. “ಸಾವಕ್ಕ ಬೆಂಚಿನಿಂದ ಎರಡೂ ಕೈ ಬಿಟ್ಟು ನಿಂತಿದ್ಲು. ನನಗ ನಮಸ್ಕಾರ ಮಾಡಾಕ.”