ಆಕಳ ಬಾಲ ಒರೆಸಿದ ದಿನ

ನಾನು ಚಿಕ್ಕವನಿದ್ದಾಗ ಮಾಡಿದ್ದೊಂದನ್ನು ಇಷ್ಟು ವರ್ಷ ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ, ಮಕ್ಕಳೇ. ಇವತ್ತು ನಸುಕಿನಲ್ಲಿ ನಮ್ಮ ಆಕಳು ಹೆಣ್ಣುಗರು ಹಾಕಿತಲ್ಲ, ಆ ಸಂತೋಷ ಹೊಟ್ಟೆಯಲ್ಲಿ ಹಿಡಿಸಲೊಲ್ಲದು. ಒಲೆಯ ಮೇಲೆ ಗಿಣ್ಣ ಬೇಯುತ್ತಿದೆ, ಯಾಲಕ್ಕಿ ವಾಸನೆ ಪಡಸಾಲೆಯವರೆಗೆ ಬಂದಿದೆ. ಈ ಖುಷಿಯೊಳಗೇ ಅದನ್ನೂ ಬರೆದುಬಿಡುತ್ತೇನೆ.

ಆಗ ನಾವು ತಿಕೋಟಾದಿಂದ ಎರಡು ಹರದಾರಿ ದೂರದ ಹೊಲದ ಮನೆಯಲ್ಲಿದ್ದೆವು. ಕೆಂಪಿ ಅಂತ ಒಂದೇ ಆಕಳು. ಹಾಲು ಸುಮ್ಮನೆ ಬರುವುದಿಲ್ಲ ನೋಡ್ರಿ, ಕರು ಹಾಕಿದರೇನೇ ಹಾಲು. ಕೆಂಪಿ ಕರು ಹಾಕಿ ಎರಡು ವರ್ಷ ಆಗುತ್ತ ಬಂದಿತ್ತು. ಕೆಚ್ಚಲು ಖಾಲಿ ಚೀಲದಂತೆ ಜೋತುಬಿದ್ದಿತ್ತು. ಬೆದೆಗೆ ಬಂದ ದಿನವೇ ಅದನ್ನು ತಿಕೋಟಾದ ದನದ ದವಾಖಾನೆಗೆ ನಡೆಸಿಕೊಂಡು ಹೋಗಿ, ಅಲ್ಲಿನ ಹೋರಿಯಿಂದ ಗಬ್ಬ ಕಟ್ಟಿಸಬೇಕು. ಆ ಒಂದು ದಿನ ತಪ್ಪಿತೋ, ಮತ್ತೆ ಇಪ್ಪತ್ತೊಂದು ದಿನ ಕಾಯಬೇಕು. ಕೆಂಪಿ ತಿಂಗಳುಗಟ್ಟಲೆ ಬೆದೆಗೇ ಬಂದಿರಲಿಲ್ಲ. ಕನಮಡಿಯ ದನದ ವ್ಯಾಪಾರಿಗೆ ಅಪ್ಪ ಮಾತು ಕೊಟ್ಟಿದ್ದ: "ಹುಣ್ಣಿವಿ ತನಕ ನೋಡತೇನಿ. ಬೆದಿಗೆ ಬರಲಿಲ್ಲಂದ್ರ ಗೊಡ್ಡು ಅಂತ ತಿಳಕೊಂಡು ನಿನಗ ಕೊಟ್ಟಬಿಡತೇನಿ."

ದಿನಾ ಬೆಳಿಗ್ಗೆ ನೋಡುವ ಕೆಲಸ ನನ್ನದು. "ಆಕಳ ಮಾರಿ ನೋಡಬ್ಯಾಡಲೇ, ಬಾಲ ನೋಡು" ಅಂತಿದ್ದ ಅಪ್ಪ. ಬಾಲದ ಕೆಳಗೆ ತತ್ತಿಯ ಲೋಳೆಯಂಥ ತಿಳಿ ಎಳೆ ಇಳಿದರೆ ಅದೇ ಗುರುತು.

ಹುಣ್ಣಿಮೆಯ ಹಿಂದಿನ ದಿನ ಬಬಲೇಶ್ವರದಲ್ಲಿ ಅಕ್ಕನ ಕುಬಸ. ಬಸುರಿ ಅಕ್ಕನಿಗೆ ಹಸಿರು ಸೀರೆ ಉಡಿಸಿ ಆರತಿ ಮಾಡುವ ದಿನ. ಅವ್ವ ಸೇಂಗಾ ಹೋಳಿಗೆ, ಎಳ್ಳು ಹಚ್ಚಿದ ರೊಟ್ಟಿ ಬುಟ್ಟಿಗೆ ತುಂಬಿದ್ದಳು. ಅಪ್ಪ ಚಕ್ಕಡಿ ಹೂಡುವ ಮೊದಲು ನಾನು ಕೊಟ್ಟಿಗೆಗೆ ಹೋದೆ. ಕೆಂಪಿ ಒದರುತ್ತಿತ್ತು. ಬಾಲದ ಕೆಳಗೆ ಆ ಎಳೆ ಎಳೆಬಿಸಿಲಿಗೆ ಹೊಳೆಯುತ್ತಿತ್ತು.

ಹೇಳಿದರೆ ಅಪ್ಪನೂ ನಾನೂ ಆಕಳ ಹಿಂದೆ ತಿಕೋಟಾಕ್ಕೆ ನಡೆಯಬೇಕು. ಚಕ್ಕಡಿ, ಹೋಳಿಗೆ, ಅಕ್ಕ, ಎಲ್ಲ ಹೋಯಿತು. ಒಂದು ಹಿಡಿ ಒಣಹುಲ್ಲು ತೆಗೆದುಕೊಂಡು, ಬಾಲ ಎತ್ತಿ, ಒರೆಸಿಬಿಟ್ಟೆ. ಕೆಂಪಿ ಸುಮ್ಮನೆ ನಿಂತು ಒರೆಸಿಕೊಂಡಿತು.

"ಬಾಲ ನೋಡಿದೇನಲೇ?" ಅಪ್ಪ ಹೊರಗಿನಿಂದ ಕೇಳಿದ.

"ನೋಡೇನಿ ಯಪ್ಪಾ. ಏನೂ ಇಲ್ಲ."

"ಮತ್ತ ಯಾಕ ಒದರಾಕತ್ತೈತಿ?"

"ನಾವು ಹೊಂಟೇವಲ್ಲ, ಅದಕ."

ಅಪ್ಪ ನಕ್ಕ. "ಅದಕ್ಕೂ ಹೋಳಿಗಿ ಬೇಕಾಗೈತೇನು." ಒಳಗೆ ಬಂದು ನೋಡಲಿಲ್ಲ. ಅವನಿಗೆ ನನ್ನ ಮಾತೇ ಸಾಕಾಗಿತ್ತು.

ಬಬಲೇಶ್ವರದಲ್ಲಿ ಅಕ್ಕ ಕೈತುಂಬ ಹಸಿರು ಬಳೆ ತೊಟ್ಟು ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡಳು. "ಯಾಕೋ, ಹೋಳಿಗಿ ಬಾಯಾಗ ಇಟ್ಟಕೊಂಡು ಕುಂತೀ? ನುಂಗು" ಅಂದಳು. ಅಷ್ಟು ದೂರದಿಂದಲೂ ಕೆಂಪಿಯ ದನಿ ಕಿವಿಯಲ್ಲಿತ್ತು. ಸಂಜೆ ಚಕ್ಕಡಿ ನಿಲ್ಲುವ ಮೊದಲೇ ಹಾರಿ ಕೊಟ್ಟಿಗೆಗೆ ಓಡಿದೆ. ಇನ್ನೊಂದು ಎಳೆ ಕಂಡರೆ ಸಾಕು, ಈಗಲೇ ಹೇಳಿಬಿಡುವೆನೆಂದುಕೊಂಡಿದ್ದೆ. ಬಾಲ ಒಣಗಿತ್ತು. ಕೆಂಪಿ ಮಲಗಿ ಮೆಲುಕು ಹಾಕುತ್ತಿತ್ತು.

ಮರುದಿನ ವ್ಯಾಪಾರಿ ಬಂದ. ಹಗ್ಗ ಅವನ ಕೈಗೆ ಕೊಡುವಾಗ ಅಪ್ಪ ಕೆಂಪಿಯ ಕೊರಳು ತುರಿಸಿ, "ನಾ ಏನ ಮಾಡ್ಲೆವ್ವಾ, ನೀ ಬೆದಿಗೇ ಬರಲಿಲ್ಲ" ಅಂದ. ನಾನು ಬಾಗಿಲ ಹಿಂದೆ ನಿಂತಿದ್ದೆ.

ಈಗ ನಿಮ್ಮ ಕಾಲ ನೋಡ್ರಿ. ಹೋದ ಚಳಿಗಾಲದಲ್ಲಿ ಸಾಲಿಯಿಂದ ಗೋಳಗುಮ್ಮಟಕ್ಕೆ ಹೊರಟ ಬೆಳಿಗ್ಗೆ, ನಮ್ಮ ದೊಡ್ಡ ಮೊಮ್ಮಗಳು ಬಸ್ಸು ಹತ್ತುವುದನ್ನು ಬಿಟ್ಟು ಕೊಟ್ಟಿಗೆಯಿಂದ ಓಡಿಬಂದು, "ಅಜ್ಜಾ, ಬಾಲ ನೋಡ ಬಾ" ಅಂದಳು. ಫೋನು ಹಚ್ಚಿದೆವು. ದನದ ಡಾಕ್ಟರು ಮೋಟರ್‌ಸೈಕಲ್ ಮೇಲೆ ಮನೆಗೇ ಬಂದು, ಹೋರಿಯ ಬದಲು ಗಬ್ಬದ ಸೂಜಿ ಮಾಡಿಹೋದರು. ಬಸ್ಸು ಅವಳಿಗಾಗಿ ಕಾದಿತ್ತು. ಅವಳಿಗೆ ಗುಮ್ಮಟವೂ ಸಿಕ್ಕಿತು, ಇವತ್ತು ಕರುವೂ ಸಿಕ್ಕಿತು. ನನಗೆ ಕುಣಿಯುವಷ್ಟು ಖುಷಿ.

ಆದರೆ ಕರುವಿನ ಮೈ ಒರೆಸಲು ಒಂದು ಹಿಡಿ ಹುಲ್ಲು ತೆಗೆದುಕೊಂಡಾಗ ಕೈ ಅಲ್ಲೇ ನಿಂತಿತು. ಅಪ್ಪ ಸಾಯುವ ತನಕ ಕೆಂಪಿಯದೇ ತಪ್ಪು ಅಂತ ತಿಳಿದಿದ್ದ.